ಕಟ್ ಹುಟ್ಟುವುದು ಸೆಟ್ಟಿನಲ್ಲಿ

ಸಿನಿಮಾ ಸಂಕಲನವೆಂದರೆ ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವ ಕೆಲಸ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಮಾತ್ರ ನಿಜ. ಸಂಕಲನಕಾರರು ದೃಶ್ಯವನ್ನು ಕಟ್ಟಲು ಕೂರುವುದು ಚಿತ್ರೀಕರಣವಾದ ಮೇಲೆ. ಆದರೆ ಕಟ್ ಎಲ್ಲಿ ಬೀಳಬಹುದು, ಎಲ್ಲಿ ಬೀಳಲಾರದು ಎಂಬುದು ಬಹುಮಟ್ಟಿಗೆ ಸೆಟ್ಟಿನಲ್ಲೇ ತೀರ್ಮಾನವಾಗಿರುತ್ತದೆ. ನಟ ಯಾವ ಮಾತಿಗೆ ಲೋಟ ಕೆಳಗಿಟ್ಟ, ಎಲ್ಲಿ ತಡೆದು ನಿಂತ, ಎದುರಿನವರು ಮಾತಾಡುವಾಗ ಅವನ ಮುಖದಲ್ಲಿ ಏನು ನಡೆಯಿತು, ನಿರ್ದೇಶಕ ಕ್ಯಾಮೆರಾ ಎಲ್ಲಿಟ್ಟ, ಎಷ್ಟು ಹೊತ್ತು ಓಡಲು ಬಿಟ್ಟ, ಇವೆಲ್ಲ ಸೇರಿ ಸಂಕಲನದ ಎಲ್ಲೆಯನ್ನು ಗೆರೆ ಎಳೆದು ಕೊಟ್ಟಿರುತ್ತವೆ.

ಸರಳವಾದ ಒಂದು ದೃಶ್ಯವನ್ನೇ ನೋಡಬಹುದು. ಹೋಟೆಲಿನ ಮೇಜಿನ ಎರಡು ಬದಿ ಇಬ್ಬರು ಕೂತು ಕಾಫಿ ಕುಡಿಯುತ್ತ ಮಾತಾಡುತ್ತಾರೆ. ರೂಢಿಯ ಪ್ರಕಾರ ಮೊದಲು ಇಬ್ಬರನ್ನೂ ಸೇರಿಸಿ ಇಡೀ ದೃಶ್ಯದ ಮಾಸ್ಟರ್ ಶಾಟ್ ತೆಗೆಯುತ್ತಾರೆ. ಆಮೇಲೆ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ನೋಡುವ ಸಜೆಷನ್ ಶಾಟ್‌ಗಳು, ಅದಾದ ಮೇಲೆ ಇಬ್ಬರ ಕ್ಲೋಸಪ್‌ಗಳು. ಹೀಗೆ ಒಂದೇ ಮಾತನ್ನು ನಟರು ಐದಾರು ಬಾರಿ, ಒಮ್ಮೊಮ್ಮೆ ಇಪ್ಪತ್ತು ಬಾರಿ ಆಡಬೇಕಾಗುತ್ತದೆ. ತೆರೆಯ ಮೇಲೆ ಎರಡು ನಿಮಿಷದಲ್ಲಿ ಮುಗಿಯುವ ಆ ಸಂಭಾಷಣೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆಡಿದ ಮಾತುಗಳ ಜೋಡಣೆ. ಪ್ರೇಕ್ಷಕರಿಗೆ ಅದು ಒಂದೇ ಉಸಿರಿನ ಮಾತಾಗಿ ಕೇಳಬೇಕಾದರೆ ಆ ತುಂಡುಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು.

ಹೊಂದಿಕೆಯ ಮೊದಲ ಭಾರ ನಟರ ಕೈಗಳ ಮೇಲಿದೆ. ಮಾಸ್ಟರ್ ಶಾಟ್‌ನಲ್ಲಿ ‘ನಾಳೆ ಹೊರಡ್ತೀನಿ’ ಎನ್ನುವ ಮುಂಚೆ ಲೋಟ ಎತ್ತಿದ ನಟ, ಕ್ಲೋಸಪ್‌ನಲ್ಲಿ ಅದೇ ಮಾತು ಮುಗಿದ ಮೇಲೆ ಎತ್ತಿದರೆ ಆ ಎರಡು ಶಾಟ್‌ಗಳನ್ನು ಆ ಮಾತಿನ ನಡುವೆ ಸೇರಿಸುವಂತಿಲ್ಲ. ಕೈ ಹಾರಿ ಬಂದಂತೆ ಕಾಣುತ್ತದೆ. ಸಂಕಲನಕಾರರು ಆಗ ಬೇರೆ ಜಾಗ ಹುಡುಕಬೇಕು, ಇಲ್ಲವೇ ಎದುರಿನವರ ಮುಖಕ್ಕೆ ಹೋಗಿ ಬಂದು ತಪ್ಪನ್ನು ಮರೆಸಬೇಕು. ಇಬ್ಬರು ನಟರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹೇರಿದರೂ ಇದೇ ಕಷ್ಟ. ಸೆಟ್ಟಿನಲ್ಲೇ ಧ್ವನಿ ಹಿಡಿದಿದ್ದರೆ ಆ ಎರಡು ದನಿಗಳನ್ನು ಬಿಡಿಸಲಾಗುವುದಿಲ್ಲ, ಅಲ್ಲಿ ಕಟ್ ಮಾಡಲು ಜಾಗವಿರುವುದಿಲ್ಲ. ಆದ್ದರಿಂದಲೇ ಅನುಭವಸ್ಥ ನಟರು ಯಾವ ಅಕ್ಷರಕ್ಕೆ ಕೈ ಎತ್ತಿದೆ ಎಂಬುದನ್ನೂ ನೆನಪಿಟ್ಟುಕೊಳ್ಳುತ್ತಾರೆ.

ಆದರೂ ಈ ಹೊಂದಿಕೆಯೇ ಸಂಕಲನದ ಪರಮಗುರಿಯಲ್ಲ. ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಲಕ್ಷಣಗಳನ್ನು ಹೇಳಿ ಪ್ರತಿಯೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವಕ್ಕೆ ಶೇ 51, ಕಥೆಗೆ ಶೇ 23, ಲಯಕ್ಕೆ ಶೇ 10, ಪ್ರೇಕ್ಷಕರ ಕಣ್ಣು ತೆರೆಯ ಯಾವ ಭಾಗದಲ್ಲಿದೆ ಎಂಬುದಕ್ಕೆ ಶೇ 7. ತೆರೆಯ ಸಮತಲದ ಹೊಂದಿಕೆಗೆ ಶೇ 5, ಯಾರು ಎಲ್ಲಿ ನಿಂತಿದ್ದಾರೆ ಎಂಬ ಸ್ಥಳದ ಹೊಂದಿಕೆಗೆ ಕೊನೆಯ ಶೇ 4. ಭಾವವೊಂದೇ ಉಳಿದ ಐದನ್ನೂ ಸೇರಿಸಿದ್ದಕ್ಕಿಂತ ಹೆಚ್ಚು ತೂಗಬೇಕು ಎಂಬುದು ಈ ಲೆಕ್ಕದ ತಿರುಳು. ಲೋಟ ತುಸು ಅತ್ತಿತ್ತಾಗಿದ್ದರೂ ನಟನ ಮುಖದಲ್ಲಿ ಸತ್ಯವಿದ್ದ ಟೇಕನ್ನೇ ಆರಿಸಬೇಕು. ಆ ಸತ್ಯವನ್ನು ಕೊಡುವವರು ನಟರು. ಸಂಕಲನಕಾರರು ಅದನ್ನು ಗುರುತಿಸುವವರು.

ಗುರುತಿಸುವುದೆಂದರೆ ಏನು ಎಂಬುದಕ್ಕೂ ಮರ್ಚ್ ಅವರ ಅನುಭವವೇ ಉದಾಹರಣೆ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ನಿರ್ದೇಶನದ ‘ದಿ ಕಾನ್ವರ್ಸೇಷನ್’ (1974) ಚಿತ್ರದಲ್ಲಿ ಜೀನ್ ಹ್ಯಾಕ್‌ಮನ್ ಅವರದು ಪರರ ಮಾತನ್ನು ಕದ್ದು ಧ್ವನಿಮುದ್ರಿಸುವ ಒಂಟಿ ಮನುಷ್ಯನ ಪಾತ್ರ. ಅದನ್ನು ಸಂಕಲಿಸುವಾಗ ಮರ್ಚ್ ತಾವು ಶಾಟ್ ನಿಲ್ಲಿಸಬೇಕೆಂದುಕೊಂಡ ಜಾಗಕ್ಕೆ ತೀರ ಹತ್ತಿರದಲ್ಲಿ ಹ್ಯಾಕ್‌ಮನ್ ರೆಪ್ಪೆ ಬಡಿಯುವುದನ್ನು ಮತ್ತೆ ಮತ್ತೆ ಕಂಡರು. ಇದು ಕಾಕತಾಳೀಯವಲ್ಲ ಎಂದು ಅವರಿಗೆ ಅನ್ನಿಸಿತು. ಮನುಷ್ಯ ರೆಪ್ಪೆ ಬಡಿಯುವುದು ಕಣ್ಣು ಒಣಗಿದಾಗ ಮಾತ್ರವಲ್ಲ, ಒಂದು ಯೋಚನೆ ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲೂ ಹೌದು. ಹ್ಯಾಕ್‌ಮನ್ ಪಾತ್ರದ ಯೋಚನೆಯನ್ನು ನಿಜವಾಗಿ ಯೋಚಿಸುತ್ತಿದ್ದರು. ಅವರ ರೆಪ್ಪೆ ಪಾತ್ರದ ಮನಸ್ಸಿನ ಪೂರ್ಣವಿರಾಮವಾಗಿತ್ತು. ಮುಂದಿನ ಮಾತು ಯಾವುದು ಎಂದು ನೆನಪಿಸಿಕೊಳ್ಳುತ್ತಿರುವ ನಟನ ರೆಪ್ಪೆ ಬೇರೆಯೇ ಲಯದಲ್ಲಿ ಬಡಿಯುತ್ತದೆ. ಅಂಥ ಟೇಕ್‌ನಲ್ಲಿ ಎಲ್ಲಿ ಕತ್ತರಿಸಿದರೂ ಏನೋ ಒಂದು ತಪ್ಪಿದಂತೆ ಕಾಣುತ್ತದೆ.

ಬ್ರಿಟಿಷ್ ನಟ ಮೈಕೆಲ್ ಕೇನ್ ತಮ್ಮ ಪಾಠಗಳಲ್ಲಿ ಕ್ಲೋಸಪ್‌ನಲ್ಲಿ ರೆಪ್ಪೆ ಬಡಿಯಬೇಡಿ, ಅದು ಮುಖವನ್ನು ದುರ್ಬಲಗೊಳಿಸುತ್ತದೆ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಮರ್ಚ್ ಮಾತಿಗೆ ವಿರುದ್ಧ. ಒಳಗೆ ಎರಡೂ ಒಂದೇ. ತೆರೆಯ ಮೇಲೆ ಆಳೆತ್ತರವಾಗುವ ಮುಖದಲ್ಲಿ ಅರ್ಥವಿಲ್ಲದ ಚಲನೆ ಇರಕೂಡದು ಎಂದು ಇಬ್ಬರೂ ಹೇಳುತ್ತಿದ್ದಾರೆ.

ನಟನ ಒಂದು ಸಣ್ಣ ಆಯ್ಕೆ ಇಡೀ ದೃಶ್ಯದ ಸಂಕಲನವನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದಕ್ಕೆ ಎಲಿಯಾ ಕಜಾನ್ ನಿರ್ದೇಶನದ ‘ಆನ್ ದಿ ವಾಟರ್‌ಫ್ರಂಟ್’ (1954) ಚಿತ್ರದ ಕೈಗವಸಿನ ಪ್ರಸಂಗ ಹೆಸರಾಗಿದೆ. ಪಾರ್ಕಿನಲ್ಲಿ ನಡೆಯುತ್ತ ಈವಾ ಮೇರಿ ಸೇಂಟ್ ಅವರ ಪಾತ್ರ ಬಿಳಿಯ ಕೈಗವಸನ್ನು ಕೆಳಗೆ ಬೀಳಿಸುತ್ತದೆ. ಮಾರ್ಲನ್ ಬ್ರಾಂಡೊ ಅದನ್ನು ಎತ್ತಿಕೊಂಡು, ಧೂಳು ಕೊಡವಿ, ಹಿಂದಿರುಗಿಸದೆ ಮಕ್ಕಳ ಉಯ್ಯಾಲೆಯ ಮೇಲೆ ಕೂತು ತಮ್ಮ ಕೈಗೇ ಹಾಕಿಕೊಳ್ಳುತ್ತಾರೆ. ಹುಡುಗಿ ಹೊರಡಬೇಕೆಂದಿದ್ದಾಳೆ, ಆದರೆ ಕೈಗವಸು ಅವನ ಕೈಯಲ್ಲಿದೆ. ಮುಟ್ಟಲಾಗದವಳ ಕೈಯನ್ನು ಅವನು ಆ ಬಟ್ಟೆಯ ಮೂಲಕ ಮುಟ್ಟಿದ್ದಾನೆ. ಇಬ್ಬರ ನಡುವಿನ ಆ ಎಳೆ ಕಾಣಬೇಕಾದರೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿರಬೇಕು. ಅವಳ ಮುಖಕ್ಕೆ ಒಮ್ಮೆ, ಇವನ ಮುಖಕ್ಕೆ ಒಮ್ಮೆ ಹಾರುವ ಮಾಮೂಲು ಸಂಕಲನ ಅಲ್ಲಿ ನಡೆದಿದ್ದರೆ ಕೈಗವಸು ತೆರೆಯಿಂದ ಆಚೆ ಹೋಗುತ್ತಿತ್ತು, ಎಳೆ ಹರಿಯುತ್ತಿತ್ತು. ನಟ ಅಲ್ಲಿ ಕಟ್‌ಗಳನ್ನು ಬೇಡವಾಗಿಸಿದರು. ಅದನ್ನು ಉಳಿಸಿಕೊಂಡದ್ದು ನಿರ್ದೇಶಕರ ವಿವೇಕ. ಸಂಕಲನಕಾರ ಜೀನ್ ಮಿಲ್ಫೋರ್ಡ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ಬಂತು.

ಕೈ, ರೆಪ್ಪೆ, ಮೌನ ಇವೆಲ್ಲಕ್ಕಿಂತ ಸಂಕಲನಕ್ಕೆ ಹೆಚ್ಚು ಒದಗುವುದು ನಟ ಕೇಳಿಸಿಕೊಳ್ಳುವ ರೀತಿ. ಒಬ್ಬರ ಮಾತು ಪೂರ್ತಿ ಅವರ ಮುಖದ ಮೇಲೇ ಮುಗಿಯಬೇಕೆಂಬ ನಿಯಮವಿಲ್ಲ. ಆ ಮಾತು ಯಾರಿಗೆ ತಾಗಿತೋ ಅವರ ಮುಖದಲ್ಲೇ ಕಥೆ ಮುಂದುವರಿಯುತ್ತದೆ. ತನ್ನ ಮಾತಿನ ಸರದಿಗಾಗಿ ಕಾಯುತ್ತ ನಿಂತ ನಟನ ಕ್ಲೋಸಪ್‌ನಿಂದ ಸಂಕಲನಕಾರರಿಗೆ ಏನೂ ಸಿಗುವುದಿಲ್ಲ. ನಿಜವಾಗಿ ಕೇಳಿಸಿಕೊಳ್ಳುವ ನಟನ ಮುಖದಲ್ಲಿ ಪ್ರತಿ ವಾಕ್ಯಕ್ಕೂ ಒಂದು ಬದಲಾವಣೆ ಇರುತ್ತದೆ, ಪ್ರತಿ ಬದಲಾವಣೆಯೂ ಕಟ್‌ಗೆ ಒಂದು ಬಾಗಿಲು.

ಇದನ್ನು ಸಿಡ್ನಿ ಲ್ಯೂಮೆಟ್ ಅವರ ‘12 ಆಂಗ್ರಿ ಮೆನ್’ (1957) ತೋರಿಸಿದಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರಗಳು ಕಡಿಮೆ. ಕೊಲೆ ಆರೋಪ ಹೊತ್ತ ಹುಡುಗನೊಬ್ಬನ ಭವಿಷ್ಯವನ್ನು ಹನ್ನೆರಡು ಮಂದಿ ಜ್ಯೂರಿಗಳು ನ್ಯೂಯಾರ್ಕಿನ ಸೆಕೆಯ ದಿನವೊಂದರಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತು ತೀರ್ಮಾನಿಸುವ ಕಥೆ ಅದು. 96 ನಿಮಿಷಗಳ ಚಿತ್ರ ಹೆಚ್ಚುಕಡಿಮೆ ಪೂರ್ತಿ ಆ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಒಬ್ಬ ಮಾತಾಡುತ್ತಾನೆ, ಹನ್ನೊಂದು ಜನ ಕೇಳುತ್ತಾರೆ. ಹಾಗಾಗಿ ಸಂಕಲನಕಾರ ಕಾರ್ಲ್ ಲರ್ನರ್ ಅವರ ಮುಂದಿದ್ದ ಮುಖ್ಯ ಪ್ರಶ್ನೆ, ಈ ಕ್ಷಣದಲ್ಲಿ ಯಾರ ಕೇಳುವಿಕೆ ಮುಖ್ಯ ಎಂಬುದು.

ಆ ಚಿತ್ರ ತೆಗೆದ ಕ್ರಮ ನಟರಿಗೆ ಸುಲಭದ್ದಾಗಿರಲಿಲ್ಲ. ಹಣ ಕಡಿಮೆ, ದಿನಗಳೂ ಕಡಿಮೆ. ಪ್ರತಿ ಶಾಟ್‌ಗೂ ಬೆಳಕಿನ ವ್ಯವಸ್ಥೆ ಬದಲಿಸಿದರೆ ಸಮಯ ಹಾಳು. ಹಾಗಾಗಿ ಕೋಣೆಯ ಒಂದು ಗೋಡೆಯ ಕಡೆಗೆ ಬೆಳಕು ಹೊಂದಿಸಿದ ಮೇಲೆ, ಆ ಗೋಡೆ ಹಿನ್ನೆಲೆಯಾಗುವ ಶಾಟ್‌ಗಳನ್ನೆಲ್ಲ ಕಥೆಯ ಕ್ರಮ ಬಿಟ್ಟು ಒಟ್ಟಿಗೆ ತೆಗೆದು ಮುಂದಿನ ಗೋಡೆಗೆ ಹೋಗುತ್ತಿದ್ದರು. ಇದರಿಂದ ಹೆನ್ರಿ ಫಾಂಡಾ ಮತ್ತು ಲೀ ಜೆ. ಕಾಬ್ ಎದುರುಬದುರಾಗಿ ಜಗಳಾಡುವ ದೃಶ್ಯದಲ್ಲಿ ಒಬ್ಬರ ಶಾಟ್‌ಗೂ ಇನ್ನೊಬ್ಬರ ಶಾಟ್‌ಗೂ ಏಳೆಂಟು ದಿನಗಳ ಅಂತರ ಬಿತ್ತು. ತೆರೆಯ ಮೇಲೆ ಮಾತಿಗೆ ಮಾತು ಎಂಬಂತೆ ತಾಕುವ ಆ ಸಿಟ್ಟು ನಿಜದಲ್ಲಿ ವಾರದ ಅಂತರದ್ದು. ಹಿಂದಿನ ವಾರ ಕಾಬ್ ಎಷ್ಟು ಕಾವಿಗೆ ಏರಿದ್ದರೋ ಆ ಕಾವಿಗೆ ತಕ್ಕ ಉತ್ತರವನ್ನೇ ಫಾಂಡಾ ಈ ವಾರ ಕೊಡಬೇಕಿತ್ತು. ಒಂದು ಎಳೆ ಹೆಚ್ಚುಕಡಿಮೆಯಾಗಿದ್ದರೂ ಎರಡು ಶಾಟ್‌ಗಳು ಒಂದೇ ಜಗಳದಂತೆ ಕಾಣುತ್ತಿರಲಿಲ್ಲ. ಚಿತ್ರೀಕರಣಕ್ಕೆ ಮುಂಚೆ ಲ್ಯೂಮೆಟ್ ನಡೆಸಿದ ಎರಡು ವಾರಗಳ ತಾಲೀಮು ಇಲ್ಲಿ ಕೈ ಹಿಡಿಯಿತು. ಯಾವ ಮಾತಿಗೆ ಭಾವ ಎಷ್ಟು ಏರಬೇಕು ಎಂಬುದು ಎಲ್ಲರ ಮೈಯಲ್ಲೂ ಇಳಿದಿತ್ತು. ಆ ತಾಲೀಮು ನಟನೆಗೆ ಎಷ್ಟು ಒದಗಿತೋ ಸಂಕಲನಕ್ಕೂ ಅಷ್ಟೇ ಒದಗಿತು.

ನಿರ್ದೇಶಕರ ಯೋಜನೆ ಕ್ಯಾಮೆರಾದ ಎತ್ತರಕ್ಕೂ ಲೆನ್ಸಿಗೂ ಚಾಚಿತ್ತು. ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ಜೊತೆ ಕೂತು ಲ್ಯೂಮೆಟ್ ಚಿತ್ರವನ್ನು ಮೂರು ಭಾಗ ಮಾಡಿಕೊಂಡರು. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ಎರಡನೆಯದರಲ್ಲಿ ಕಣ್ಣಿನ ಮಟ್ಟದಲ್ಲಿ, ಮೂರನೆಯದರಲ್ಲಿ ಅದಕ್ಕಿಂತ ಕೆಳಗೆ. ಕೊನೆಕೊನೆಗೆ ಕೋಣೆಯ ಚಾವಣಿಯೂ ಕಾಣತೊಡಗುತ್ತದೆ. ಜೊತೆಗೆ ಲೆನ್ಸುಗಳ ನಾಭಿದೂರ ಹೆಚ್ಚುತ್ತ ಹೋದಂತೆ ಗೋಡೆಗಳು ಮನುಷ್ಯರ ಬೆನ್ನಿಗೆ ಒತ್ತಿ ಬಂದಂತಾಗುತ್ತದೆ. ಆರಂಭದಲ್ಲಿ ಜ್ಯೂರಿಗಳು ಒಳಬಂದು ಬೆವರು ಒರೆಸಿಕೊಳ್ಳುತ್ತ ಜಾಗ ಹಿಡಿಯುವುದನ್ನು ಹಲವು ನಿಮಿಷ ಕಟ್ ಇಲ್ಲದೆ ತೋರಿಸಿದ ಚಿತ್ರ, ಹೋಗುತ್ತ ಹೋಗುತ್ತ ಬೇಗ ಬೇಗ ಕತ್ತರಿಸುತ್ತದೆ; ಕೊನೆಯ ಅರ್ಧ ಗಂಟೆಯಲ್ಲಿ ಓಟವೇ ಹಿಡಿಯುತ್ತದೆ. ಈ ವೇಗವನ್ನು ಸಂಕಲನ ಕೋಣೆಯಲ್ಲಿ ಹೊಸದಾಗಿ ಹುಟ್ಟಿಸಲು ಬರುವುದಿಲ್ಲ. ಕೊನೆಯ ಭಾಗಕ್ಕೆಂದು ಬಿಗಿಯಾದ ಕ್ಲೋಸಪ್‌ಗಳನ್ನು ಮೊದಲೇ ತೆಗೆದಿಟ್ಟದ್ದರಿಂದಲೇ ಆ ಓಟ ಸಾಧ್ಯವಾಯಿತು.

ಈ ಚಿತ್ರದ ಎರಡು ಜಾಗಗಳನ್ನು ಹತ್ತಿರದಿಂದ ನೋಡಿದರೆ ನಟನೆ, ನಿರ್ದೇಶನ, ಸಂಕಲನ ಮೂರೂ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಕಾಣುತ್ತದೆ. ಮೊದಲನೆಯದು ಮೂಗಿನ ಗುರುತಿನ ಪ್ರಸಂಗ. ಇ. ಜಿ. ಮಾರ್ಷಲ್ ಅವರದು ಬೆವರೂ ಬಾರದ, ಲೆಕ್ಕಾಚಾರದ ಮನುಷ್ಯನ ಪಾತ್ರ. ವಾದದ ನಡುವೆ ಅವನು ಕನ್ನಡಕ ತೆಗೆದು ಮೂಗಿನ ಎರಡು ಬದಿ ಬೆರಳಿನಿಂದ ತಿಕ್ಕಿಕೊಳ್ಳುತ್ತಾನೆ. ಎದುರಿಗಿದ್ದ ಮುದುಕ, ಜೋಸೆಫ್ ಸ್ವೀನಿ, ಅದನ್ನು ನೋಡುತ್ತಾನೆ. ಆ ಕಣ್ಣಿನಲ್ಲಿ ಏನೋ ನೆನಪು ಎದ್ದು ಬರುತ್ತದೆ. ಕೊಲೆ ಕಂಡೆ ಎಂದು ಸಾಕ್ಷಿ ಹೇಳಿದ ಹೆಂಗಸಿನ ಮೂಗಿನ ಮೇಲೂ ಅದೇ ಗುರುತುಗಳಿದ್ದವು. ಹಾಗಾದರೆ ಅವಳೂ ಕನ್ನಡಕ ಹಾಕುವವಳು, ರಾತ್ರಿ ಮಲಗಿದಾಗ ಕನ್ನಡಕ ಎಲ್ಲಿಂದ ಬರಬೇಕು? ಮೊಕದ್ದಮೆಯೇ ತಿರುಗಿಬೀಳುವ ಈ ಜಾಗದಲ್ಲಿ ಸಂಕಲನದ ಆಧಾರ ಎರಡೇ: ಒಬ್ಬ ನಟನ ಬೆರಳು, ಇನ್ನೊಬ್ಬ ನಟನ ನೋಟ. ಮಾರ್ಷಲ್ ಆ ತಿಕ್ಕುವಿಕೆಯನ್ನು ಅತಿಯಾಗಿ ತೋರಿಸಿದ್ದರೆ ಪ್ರೇಕ್ಷಕರಿಗೆ ಗುಟ್ಟು ಮೊದಲೇ ಬಯಲಾಗುತ್ತಿತ್ತು. ಸ್ವೀನಿ ಸುಮ್ಮನೆ ನೋಡಿದ್ದರೆ ಶಾಟ್‌ಗಳನ್ನು ಜೋಡಿಸಿದರೂ ಅರ್ಥ ಹುಟ್ಟುತ್ತಿರಲಿಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧ. ಎಡ್ ಬೆಗ್ಲಿ ಅವರ ಪಾತ್ರ ಬಡಬಸ್ತಿಯ ಜನರ ಬಗ್ಗೆ ಮನಸ್ಸಿನಲ್ಲಿದ್ದ ವಿಷವನ್ನೆಲ್ಲ ಕಾರುತ್ತದೆ. ಇಲ್ಲಿ ಕೇಳುವವರ ಮುಖಗಳಿಗೆ ಒಂದೊಂದಾಗಿ ಹೋಗುವುದು ಯಾರಿಗಾದರೂ ಹೊಳೆಯುವ ದಾರಿ. ಲ್ಯೂಮೆಟ್ ಬೇರೆ ದಾರಿ ಹಿಡಿದರು. ಒಬ್ಬೊಬ್ಬರೇ ಮೇಜು ಬಿಟ್ಟು ಎದ್ದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಕ್ಯಾಮೆರಾ ಬಹುಪಾಲು ದೂರದಲ್ಲೇ ಇದ್ದು ಇಡೀ ಕೋಣೆಯನ್ನು ಹಿಡಿಯುತ್ತದೆ. ಮಾತು ಮುಂದುವರಿದಂತೆ ಮೇಜು ಖಾಲಿಯಾಗುತ್ತದೆ, ಮಾತಾಡುವವನ ದನಿ ಕುಗ್ಗುತ್ತದೆ. ಕೇಳಲು ನಿರಾಕರಿಸುವುದೇ ಇಲ್ಲಿ ಉತ್ತರ. ಅದನ್ನು ನಟರ ಬೆನ್ನುಗಳು ಹೇಳುತ್ತಿರುವುದರಿಂದ ಸಂಕಲನಕಾರರು ಮಾಡಬೇಕಾದ್ದು ತಡೆದುಕೊಳ್ಳುವುದು. ಕಟ್ ಮಾಡದೆ ಬಿಡುವುದೂ ಸಂಕಲನವೇ, ಅದೂ ಕಷ್ಟದ ಸಂಕಲನ.

ಕಟ್ ಮಾಡುವ ಅವಕಾಶವನ್ನು ನಿರ್ದೇಶಕ ಬಹುಪಾಲು ಮುಚ್ಚಿಬಿಡುವುದೂ ಉಂಟು. ಆಲ್ಫ್ರೆಡ್ ಹಿಚ್‌ಕಾಕ್ ‘ರೋಪ್’ (1948) ಚಿತ್ರವನ್ನು ಹತ್ತು ನಿಮಿಷದವರೆಗಿನ ಉದ್ದುದ್ದ ಟೇಕ್‌ಗಳಲ್ಲಿ ತೆಗೆದರು. ಕ್ಯಾಮೆರಾದಲ್ಲಿ ಹಿಡಿಸುವ ಫಿಲ್ಮಿನ ಉದ್ದವೇ ಅಷ್ಟು. ಹಲವು ಕಡೆ ರೀಲು ಮುಗಿಯುವಾಗ ಕ್ಯಾಮೆರಾ ಒಬ್ಬರ ಕೋಟಿನ ಬೆನ್ನಿಗೆ ಹೋಗಿ ತೆರೆ ಕಪ್ಪಾಗುತ್ತದೆ, ಅಲ್ಲಿ ಮುಂದಿನ ರೀಲು ಸೇರುತ್ತದೆ. ಇಂಥ ಚಿತ್ರದಲ್ಲಿ ಎಂಟನೆಯ ನಿಮಿಷಕ್ಕೆ ಒಬ್ಬ ನಟ ಎಡವಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಒಂದು ಟೇಕಿನ ಒಳ್ಳೆಯ ಮಾತನ್ನು ಇನ್ನೊಂದು ಟೇಕಿನ ಒಳ್ಳೆಯ ಮೌನಕ್ಕೆ ಬೆಸೆಯುವ ಹಾಗಿಲ್ಲ. ಲಯವನ್ನು ನಟರ ನಡಿಗೆ ಮತ್ತು ಕ್ಯಾಮೆರಾದ ಚಲನೆಯೇ ಹೊರಬೇಕು.

ಅಕಿರ ಕುರೊಸಾವ ಹಿಡಿದದ್ದು ಇನ್ನೊಂದು ದಾರಿ. ‘ಸೆವೆನ್ ಸಮುರಾಯ್’ (1954) ಚಿತ್ರದ ಮಳೆಯ ಕಾಳಗವನ್ನು ಅವರು ಏಕಕಾಲಕ್ಕೆ ಹಲವು ಕ್ಯಾಮೆರಾಗಳಿಂದ ಹಿಡಿದರು. ಒಂದೇ ಓಟ, ಒಂದೇ ಬೀಳುವಿಕೆ ಬೇರೆಬೇರೆ ಕೋನಗಳಲ್ಲಿ ಸಿಕ್ಕಿತು. ಕೆಸರಿನಲ್ಲಿ ಜಾರಿದ ಕಾಲು ಎಲ್ಲ ಕೋನಗಳಲ್ಲೂ ಅದೇ ಕ್ಷಣಕ್ಕೆ ಜಾರಿರುತ್ತದೆ, ಹಾಗಾಗಿ ಹೊಂದಿಕೆಯ ಪ್ರಶ್ನೆಯೇ ಬರುವುದಿಲ್ಲ. ತಮ್ಮ ಚಿತ್ರಗಳನ್ನು ತಾವೇ ಸಂಕಲಿಸುತ್ತಿದ್ದ ಕುರೊಸಾವ ಅವರಿಗೆ ಸೆಟ್ಟಿನಲ್ಲಿ ನಿಂತಾಗಲೂ ಸಂಕಲನದ ಮೇಜು ಕಣ್ಣಮುಂದೆ ಇರುತ್ತಿತ್ತು. ಜಾರ್ಜ್ ಮಿಲ್ಲರ್ ನಿರ್ದೇಶನದ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಈ ದೂರದೃಷ್ಟಿಯ ಇತ್ತೀಚಿನ ಉದಾಹರಣೆ. ಸುಮಾರು 480 ಗಂಟೆಗಳ ಚಿತ್ರಿಕೆಯಿಂದ ಮಾರ್ಗರೆಟ್ ಸಿಕ್ಸೆಲ್ ಎರಡು ಗಂಟೆಗಳ ಚಿತ್ರ ಕಟ್ಟಿದರು; ಅದರಲ್ಲಿ ಸುಮಾರು 2,700 ಕಟ್‌ಗಳಿವೆ. ಅಷ್ಟು ವೇಗದಲ್ಲೂ ಕಣ್ಣು ದಾರಿ ತಪ್ಪದಿರಲು ಕಾರಣ, ಮುಖ್ಯವಾದ ಮುಖ ಅಥವಾ ಕ್ರಿಯೆ ಚೌಕಟ್ಟಿನ ನಡುವೆಯೇ ಇರಬೇಕೆಂದು ಮಿಲ್ಲರ್ ಚಿತ್ರೀಕರಣದ ವೇಳೆಯೇ ಪಟ್ಟುಹಿಡಿದದ್ದು.

ಸತ್ಯಜಿತ್ ರೇ ಅವರ ದಾರಿ ಮಿತವ್ಯಯದ್ದು. ಫಿಲ್ಮ್ ದುಬಾರಿಯಾಗಿದ್ದ ಕಾಲದಲ್ಲಿ ದೃಶ್ಯಗಳನ್ನು ಮೊದಲೇ ಪುಸ್ತಕದಲ್ಲಿ ಚಿತ್ರಿಸಿಕೊಂಡು, ಬೇಕಾದ ತುಂಡುಗಳನ್ನಷ್ಟೇ ತೆಗೆಯುತ್ತಿದ್ದರು. ‘ಪಥೇರ್ ಪಾಂಚಾಲಿ’ಯಿಂದ (1955) ಮೊದಲ್ಗೊಂಡು ರೇ ಅವರ ಸಂಕಲನಕಾರರು ದುಲಾಲ್ ದತ್ತ. ‘ಚಾರುಲತಾ’ (1964) ಚಿತ್ರದ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೈ ಚಾಚುತ್ತಾರೆ, ಕೈಗಳು ಸೇರುವ ಮುನ್ನ ಚಿತ್ರ ಸ್ತಬ್ಧವಾಗುತ್ತದೆ. ಸೌಮಿತ್ರ ಚಟರ್ಜಿ, ಮಾಧವಿ ಮುಖರ್ಜಿ, ಶೈಲೇನ್ ಮುಖರ್ಜಿ ಅಲ್ಲಿಯವರೆಗೆ ನೋಟಗಳಲ್ಲೇ ಕಥೆ ನಡೆಸಿಕೊಂಡು ಬಂದಿರದಿದ್ದರೆ ಆ ನಿಂತ ಚೌಕಟ್ಟುಗಳಿಗೆ ಇಷ್ಟು ಭಾರ ಬರುತ್ತಿರಲಿಲ್ಲ.

ಸಂಕಲನಕ್ಕೆ ಸ್ವಂತ ಶಕ್ತಿ ಇಲ್ಲವೆಂದು ಇದರ ಅರ್ಥವಲ್ಲ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ನಟ ಇವಾನ್ ಮೊಝೂಖಿನ್ ಅವರ ಒಂದೇ ಮುಖದ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು ಇವುಗಳ ಜೊತೆ ಬೇರೆಬೇರೆಯಾಗಿ ಜೋಡಿಸಿದಾಗ, ನೋಡಿದವರಿಗೆ ಆ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡವು ಎಂಬುದು ಪ್ರಸಿದ್ಧ ಪ್ರಯೋಗ. ಅರ್ಥ ಶಾಟ್‌ನಲ್ಲಿಲ್ಲ, ಶಾಟ್‌ಗಳ ನಡುವಿನ ಸಂಬಂಧದಲ್ಲಿದೆ ಎಂದು ಅದು ಕಲಿಸಿತು. ಆದರೆ ಅದಕ್ಕೂ ಒಂದು ಷರತ್ತಿತ್ತು. ಆ ಮುಖ ಹೆಚ್ಚೇನೂ ಹೇಳದೆ ಸುಮ್ಮನಿದ್ದುದರಿಂದಲೇ ಮೂರು ಅರ್ಥಗಳಿಗೂ ಎಡೆಯಾಯಿತು. ಕಡಿಮೆ ಮಾಡುವ ನಟ ಸಂಕಲನಕ್ಕೆ ಹೆಚ್ಚು ಜಾಗ ಕೊಡುತ್ತಾನೆ. ಎಲ್ಲವನ್ನೂ ಮುಖದಲ್ಲೇ ತೋರಿಸಿ ಮುಗಿಸುವವನ ಶಾಟ್‌ಗೆ ಒಂದೇ ಅರ್ಥ, ಒಂದೇ ಜಾಗ.

ರಾಮ್ ರೆಡ್ಡಿ ನಿರ್ದೇಶನದ ಕನ್ನಡದ ‘ತಿಥಿ’ ಇದನ್ನು ಬೇರೊಂದು ಬಗೆಯಲ್ಲಿ ಮನದಟ್ಟು ಮಾಡುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನ ಜನರೇ ಅಲ್ಲಿನ ನಟರು, ನಟನೆಯ ಪಾಠ ಅವರಿಗಿಲ್ಲ. ಮಾತನ್ನು ಒಂದೇ ತೂಕದಲ್ಲಿ ಮತ್ತೆ ಮತ್ತೆ ಆಡುವುದು, ಅದೇ ಅಕ್ಷರಕ್ಕೆ ಕೈ ಎತ್ತುವುದು ವೃತ್ತಿನಟರು ವರ್ಷಗಟ್ಟಲೆ ರೂಢಿಸಿಕೊಂಡ ವಿದ್ಯೆ. ಅದನ್ನು ಅವರಿಂದ ನಿರೀಕ್ಷಿಸುವಂತಿಲ್ಲ. ಅವರಲ್ಲಿರುವುದು ಅವರ ನಡೆ, ಅವರ ನುಡಿ. ಬಾಟ್ಲಿ ಹಿಡಿದು ಹೊಲಗಳ ಬದಿ ನಡೆಯುತ್ತಲೇ ಇರುವ ಗಡ್ಡಪ್ಪನನ್ನು ಚಿತ್ರ ಅವಸರಪಡಿಸುವುದಿಲ್ಲ. ಆ ನಡಿಗೆಯನ್ನು ತುಂಡುತುಂಡಾಗಿಸಿದ್ದರೆ ಆ ಮನುಷ್ಯನ ಸ್ವಭಾವವೇ ಕಳೆದುಹೋಗುತ್ತಿತ್ತು. ಎಂಥ ನಟರು ಎಂಬ ಮೊದಲ ಆಯ್ಕೆಯೇ ಅಲ್ಲಿ ಕಟ್‌ಗಳ ನಿಧಾನವನ್ನೂ ನಿರ್ಧರಿಸಿದೆ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮಿನ ಖರ್ಚಿನ ಅಂಜಿಕೆ ಹೋಯಿತು. ಎಲ್ಲ ಕೋನಗಳಿಂದಲೂ ತೆಗೆದಿಟ್ಟುಕೊಂಡು, ಎಡಿಟಿಂಗ್‌ನಲ್ಲಿ ನೋಡಿಕೊಳ್ಳೋಣ ಎನ್ನುವ ಅಭ್ಯಾಸ ಬೆಳೆಯಿತು. ಹೆಚ್ಚು ಚಿತ್ರಿಕೆ ಇರುವುದು ತಪ್ಪಲ್ಲ. ಕೊಪ್ಪೊಲಾ ಅವರ ‘ಅಪೊಕ್ಯಾಲಿಪ್ಸ್ ನೌ’ (1979) ಚಿತ್ರಕ್ಕೆ ಹನ್ನೆರಡೂವರೆ ಲಕ್ಷ ಅಡಿ ಫಿಲ್ಮ್ ಓಡಿತ್ತು. ಅದರ ಬಗ್ಗೆ ಮರ್ಚ್ ಕೊಡುವ ಲೆಕ್ಕದಂತೆ, ಚಿತ್ರದಲ್ಲಿ ಉಳಿದ ಪ್ರತಿ ನಿಮಿಷಕ್ಕೆ ಕೈಬಿಟ್ಟ ನಿಮಿಷಗಳು 95. ಅಲ್ಲಿ ಅಷ್ಟು ರಾಶಿಯ ಹಿಂದೆ ಒಂದು ಹುಡುಕಾಟವಿತ್ತು. ತೀರ್ಮಾನವನ್ನು ಮುಂದೂಡಲೆಂದೇ ತೆಗೆದ ಚಿತ್ರಿಕೆ ಎಷ್ಟು ಗಂಟೆಗಳಿದ್ದರೂ ಬಡವೇ. ದೃಶ್ಯ ಯಾರದ್ದು ಎಂದು ನಿರ್ದೇಶಕರಿಗೆ ಗೊತ್ತಿಲ್ಲದಿದ್ದರೆ ನಟರಿಗೂ ಗೊತ್ತಾಗುವುದಿಲ್ಲ, ಎಲ್ಲ ಟೇಕ್‌ಗಳಲ್ಲೂ ಅದೇ ಅನುಮಾನ ಕೂತಿರುತ್ತದೆ. ಆ ಅನುಮಾನವನ್ನು ತೆಗೆದುಹಾಕುವ ಕತ್ತರಿ ಇಲ್ಲ.

ಹಾಗಾಗಿ ಒಂದು ಚಿತ್ರದ ಸಂಕಲನವನ್ನು ಅಳೆಯಬೇಕೆಂದರೆ ಕಟ್‌ಗಳನ್ನು ಎಣಿಸುವುದರಿಂದ ಪ್ರಯೋಜನ ಕಡಿಮೆ. ಮಾತಾಡುತ್ತಿರುವವರನ್ನು ಬಿಟ್ಟು ಕೇಳುತ್ತಿರುವವರನ್ನು ಚಿತ್ರ ಯಾವಾಗ ತೋರಿಸಿತು, ಆ ಮುಖದಲ್ಲಿ ಏನು ಸಿಕ್ಕಿತು ಎಂಬುದನ್ನು ಗಮನಿಸಬೇಕು. ಅಲ್ಲಿ ಏನಾದರೂ ಸಿಕ್ಕಿದ್ದರೆ, ಸೆಟ್ಟಿನಲ್ಲಿ ಒಬ್ಬ ನಟ ತನ್ನ ಸರದಿ ಅಲ್ಲದಾಗಲೂ ಪಾತ್ರವಾಗಿಯೇ ಕೂತಿದ್ದ, ಅದು ಮುಖ್ಯವೆಂದು ಅರಿತ ನಿರ್ದೇಶಕರೊಬ್ಬರು ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿಟ್ಟಿದ್ದರು, ನೂರಾರು ತುಂಡುಗಳ ನಡುವೆ ಸಂಕಲನಕಾರರು ಅದನ್ನು ಕಂಡರು ಎಂದರ್ಥ.